ಗಾಡಿ ಎತ್ತರಿಸುವ ಮುನ್ನ ಹಿಂದಿನ ಹೌಸಿಂಗ್ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿ

ಸ್ಕಾರ್ಪಿಯೊ, ಥಾರ್, ಜಿಮ್ನಿಯಂಥ ಗಾಡಿಗಳನ್ನು ಎರಡು ಮೂರು ಇಂಚು ಎತ್ತರಿಸಲು ಹೊರಟವರು ಮುಂಗಡ ಕೊಡುವ ಮೊದಲು ಗ್ಯಾರೇಜಿನವರನ್ನು ಒಂದು ಪ್ರಶ್ನೆ ಕೇಳಿ. ಚಕ್ರಗಳು ಗಾಳಿಯಲ್ಲಿ ನೇತಾಡುವಾಗ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಗಟ್ಟಿ ಕವಚ, ಎಲ್ಲಿಯವರೆಗೆ ಇಳಿಯುತ್ತದೆ, ಅಲ್ಲಿ ಅದನ್ನು ತಡೆದು ನಿಲ್ಲಿಸುವುದು ಯಾವುದು? ಇದಕ್ಕೆ ನೇರವಾದ ಉತ್ತರ ಬಾರದಿದ್ದರೆ ಗಾಡಿಯನ್ನು ಅಲ್ಲಿ ಬಿಡಬೇಡಿ.

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ನನ್ನ ಹಳೆಯ ಸ್ಕಾರ್ಪಿಯೊಗೆ ಉದ್ದನೆಯ ಕಾಯಿಲ್ ಸ್ಪ್ರಿಂಗ್, ಅದಕ್ಕೆ ತಕ್ಕಂತೆ ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದರು. ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆ, ಅಂದರೆ ಬ್ರೇಕ್ ಹೋಸ್, ಬದಲಾಯಿಸಬೇಕೇ ಎಂದು ನಾನು ಕೇಳಿದ್ದೆ. "ಏನೂ ಬೇಡ ಸಾರ್, ಎಲ್ಲ ಅಳತೆ ನೋಡಿಯೇ ಮಾಡಿದ್ದೇವೆ" ಎಂದರು. ಪೇಟೆಯ ರಸ್ತೆಯಲ್ಲಿ ತಿಂಗಳುಗಟ್ಟಲೆ ಯಾವ ತೊಂದರೆಯೂ ಕಾಣಲಿಲ್ಲ. ಮಳೆಗಾಲ ಮುಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಮೂಡಿಗೆರೆ ಕಡೆಯ ನೆಂಟರ ತೋಟಕ್ಕೆ ಹೋಗಿ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದೆವು. ತೋಟದ ರಸ್ತೆಗೆ ಅಡ್ಡಲಾಗಿ ನೀರು ಕೊರೆದ ಕಾಲುವೆಯನ್ನು ದಾಟುವಾಗ ಹಿಂದಿನ ಒಂದು ಚಕ್ರ ಪೂರ್ತಿ ಜೋತುಬಿದ್ದಿತು. ಮತ್ತೆ ನೆಲ ಮುಟ್ಟಿದಾಗ ಕೆಳಗಿನಿಂದ ಧಡ್ ಎಂಬ ಸದ್ದು. ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಬ್ರೇಕ್ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತಿತ್ತು.

ಅಲ್ಲೇ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆವು. ಒಂದು ಬದಿಯ ಸ್ಪ್ರಿಂಗ್ ತಾನು ಕೂರುವ ಜಾಗದಿಂದ, ಅಂದರೆ ಸೀಟಿನಿಂದ, ಜಾರಿ ಓರೆಯಾಗಿ ಕುಳಿತಿತ್ತು. ಚಾಸಿಸ್‌ನಿಂದ ಹೌಸಿಂಗ್‌ಗೆ ಬರುವ ಬ್ರೇಕ್ ಹೋಸ್ ಕಬ್ಬಿಣದ ತುದಿ ಸೇರುವ ಜಾಗದಲ್ಲಿ ಬಿರಿದು, ಬ್ರೇಕ್ ಆಯಿಲ್ ಹನಿಯುತ್ತಿತ್ತು. ಮುಂದಿನ ಚಕ್ರಗಳ ಬ್ರೇಕ್ ಮಾತ್ರ ಉಳಿದಿತ್ತು. ಕೊಟ್ಟಿಗೆಹಾರ ದಾಟಿದರೆ ಘಾಟಿಯ ಇಳಿಜಾರು ಮತ್ತು ಕಡಿದಾದ ತಿರುವುಗಳೇ. ಆ ಬೆಳಿಗ್ಗೆ ಮಂಜೂ ದಟ್ಟವಾಗಿತ್ತು. ಪೆಡಲ್ ಇನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿಯೇ ಇದ್ದಿದ್ದರೆ ನಾವು ಘಾಟಿಯೊಳಗೆ ಇರುತ್ತಿದ್ದೆವು. ಇದನ್ನು ನೆನೆದಾಗ ಈಗಲೂ ಸಿಟ್ಟು ಬರುತ್ತದೆ.

ಕಾರಣ ಬಿಡಿಸಿ ಹೇಳಿದವರು ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್. ಇಂಥ ಗಾಡಿಗಳ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಹೌಸಿಂಗ್ ಜೋಡಿಸಿರುತ್ತದೆ. ಅದು ಮೇಲೇಳುವುದನ್ನು ತಡೆಯಲು ಚಾಸಿಸ್‌ನಲ್ಲಿ ರಬ್ಬರ್ ತುಂಡು ಇರುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಳಗಿಳಿಯುವುದನ್ನು ತಡೆಯುವ ಕೆಲಸವನ್ನು ಹೆಚ್ಚಿನ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರೇ ಮಾಡುತ್ತದೆ. ಅದು ಪೂರ್ತಿ ಚಾಚಿಕೊಂಡಾಗ ಒಳಗಿನ ತಡೆಗೆ ತಾಗಿ ನಿಲ್ಲುತ್ತದೆ. ಹೋಸ್, ಎಬಿಎಸ್ ತಂತಿ, ಹ್ಯಾಂಡ್ ಬ್ರೇಕ್ ಕೇಬಲ್, ಸ್ಪ್ರಿಂಗ್, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲದರ ಉದ್ದವನ್ನೂ ಕಾರ್ಖಾನೆಯಲ್ಲಿ ಆ ಮಿತಿಗೆ ಹೊಂದಿಸಿರುತ್ತಾರೆ. ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದ ಕ್ಷಣ ಆ ಮಿತಿ ಕೆಳಗೆ ಸರಿಯುತ್ತದೆ, ಉಳಿದ ಯಾವುದರ ಉದ್ದವೂ ಬೆಳೆಯುವುದಿಲ್ಲ. ಆಮೇಲೆ ಯಾವುದು ಮೊದಲು ಬಿಗಿಯಾಗುತ್ತದೋ ಅದೇ ಹೌಸಿಂಗ್‌ನ ಭಾರ ಹೊರುತ್ತದೆ. ನನ್ನ ಗಾಡಿಯಲ್ಲಿ ಅದನ್ನು ಹೊತ್ತದ್ದು ಬ್ರೇಕ್ ಹೋಸ್. ಸ್ಪ್ರಿಂಗ್ ಕೂಡ ತನ್ನ ಪೂರ್ತಿ ಉದ್ದಕ್ಕೆ ಚಾಚಿ ಮುಗಿದ ಮೇಲೆ ಸಡಿಲವಾಗಿ, ಸೀಟು ಬಿಟ್ಟಿತು.

ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡು ಎತ್ತರದ ಸ್ಪ್ರಿಂಗ್ ಮಾತ್ರ ಹಾಕಿಸಿದರೆ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಗಾಡಿ ಎಷ್ಟು ಎತ್ತರವಾಗುತ್ತದೋ ಕೆಳಗಿಳಿಯುವ ಅವಕಾಶ ಅಷ್ಟೇ ಕಡಿಮೆಯಾಗುತ್ತದೆ. ಪ್ರತಿ ಹಂಪ್ ದಾಟಿದಾಗಲೂ ಚಕ್ರ ಸಮೇತ ನೂರು ಕಿಲೋಗೂ ಹೆಚ್ಚು ತೂಗುವ ಹೌಸಿಂಗ್ ಶಾಕ್ ಅಬ್ಸಾರ್ಬರಿನ ರಾಡಿಗೆ ಜಗ್ಗುತ್ತದೆ. ಮೊದಲು ತುದಿಯ ರಬ್ಬರ್ ಬುಷ್ ಹೋಗುತ್ತದೆ, ಆಮೇಲೆ ಸೀಲ್ ಸೋರುತ್ತದೆ, ಕೊನೆಗೆ ಬ್ರಾಕೆಟ್ಟಿನ ವೆಲ್ಡಿಂಗ್ ಬಿಡುತ್ತದೆ.

ಇದಕ್ಕೆ ಇರುವ ಪರಿಹಾರ ದುಬಾರಿಯದೇನಲ್ಲ. ಹಲವು ಪದರ ಹೊಲಿದ ನೈಲಾನ್ ಪಟ್ಟಿಯ ಒಂದು ತುದಿಯನ್ನು ಚಾಸಿಸ್‌ಗೆ, ಇನ್ನೊಂದನ್ನು ಹೌಸಿಂಗ್‌ಗೆ ಬಿಗಿಯುವುದು, ಅಷ್ಟೇ. 1962ರಲ್ಲಿ ಬಂದ ಬ್ರಿಟಿಷರ ಎಂಜಿಬಿ ಕಾರಿನಲ್ಲಿ ಇದ್ದದ್ದು ಹೀಗೆ ಚಾಚಿಕೊಂಡು ನಿಲ್ಲುವ ಬಗೆಯದಲ್ಲ, ಲಿವರ್ ಮಾದರಿಯ ಶಾಕ್ ಅಬ್ಸಾರ್ಬರ್. ಹೌಸಿಂಗ್ ಮಿತಿಮೀರಿ ಇಳಿಯದಂತೆ ಹಿಡಿಯಲು ಅದಕ್ಕೆ ಕಾರ್ಖಾನೆಯಿಂದಲೇ ಪಟ್ಟಿ ಹಾಕಿ ಕೊಡುತ್ತಿದ್ದರು. ಅಂದರೆ ಇದು ನಿನ್ನೆ ಮೊನ್ನೆ ಕಂಡುಕೊಂಡ ವಿದ್ಯೆಯಲ್ಲ. ಗೊತ್ತಿಲ್ಲ ಎನ್ನುವವರು ಸ್ಪ್ರಿಂಗಿಗೆ ಕೈ ಹಾಕಲೇಬಾರದು.

ಅಳತೆ ಮಾತ್ರ ನಿಮ್ಮ ಎದುರೇ ಆಗಲಿ. ಚಾಸಿಸ್ ಅನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹೌಸಿಂಗ್ ಕೆಳಗೆ ಟ್ರಾಲಿ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರುಗಳ ಕೆಳ ತುದಿ ಬಿಚ್ಚಿ, ನಿಧಾನವಾಗಿ ಇಳಿಸಬೇಕು. ಪ್ರತಿ ಹಂತದಲ್ಲೂ ಹೋಸ್, ತಂತಿ, ಕೇಬಲ್ ಮುಟ್ಟಿ ನೋಡಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ ಅದರ ಕೀಲಾದ ಕ್ರಾಸ್ ಜಾಯಿಂಟ್ ಸಿಕ್ಕಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಬೇಕು. ಮೊದಲು ಬಿಗಿಯಾಗುವ ವಸ್ತು ಯಾವುದೋ ಅದು ಬಿಗಿಯಾಗುವ ಮಟ್ಟಕ್ಕಿಂತ ಸಾಕಷ್ಟು ಮೇಲೆಯೇ ಪಟ್ಟಿ ಹೌಸಿಂಗನ್ನು ತಡೆದು ಹಿಡಿಯಬೇಕು. ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಳ್ಳುವ ಮುನ್ನವೂ ಹಿಡಿಯಬೇಕು. ಭಾರ ಬಿದ್ದಾಗ ಪಟ್ಟಿ ಪ್ರತಿ ಒಂದು ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಹಿಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಇದೇ ಪರೀಕ್ಷೆಯನ್ನು ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇರುವಂತೆ ಓರೆಯಾಗಿಯೂ ಮಾಡಿಸಿ. ನಡುವೆ ಹಾಕಿದ ಒಂದೇ ಪಟ್ಟಿ ಇಡೀ ಹೌಸಿಂಗ್ ಇಳಿಯುವುದನ್ನು ತಡೆಯುತ್ತದೆ, ಒಂದೇ ಚಕ್ರ ಜೋತುಬೀಳುವುದನ್ನು ಅಷ್ಟಾಗಿ ತಡೆಯುವುದಿಲ್ಲ. ನನಗೆ ಅಪಾಯ ತಂದದ್ದು ಆ ಓರೆಯೇ. ಹಾಗಾಗಿ ಈಗ ನನ್ನ ಗಾಡಿಯಲ್ಲಿ ಎರಡೂ ಬದಿಗೆ ಒಂದೊಂದು ಪಟ್ಟಿ ಇದೆ, ಹೋಸ್ ಕೂಡ ಉದ್ದನೆಯದಾಗಿದೆ.

ಪಟ್ಟಿಯ ಬದಲು ಸರಪಳಿ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಅದು ಸ್ವಲ್ಪವೂ ಹಿಗ್ಗುವುದಿಲ್ಲ, ಒಂದೇ ಏಟಿಗೆ ಬ್ರಾಕೆಟ್ ಕಿತ್ತುಬರಬಹುದು. ಪಟ್ಟಿ ತೀರಾ ಗಿಡ್ಡವಾದರೂ ಕಷ್ಟವೇ. ತಿರುವಿನಲ್ಲಿ ಒಳಬದಿಯ ಚಕ್ರ ನೆಲ ಬಿಟ್ಟು ಗಾಡಿ ಹಠಾತ್ತನೆ ಹಿಡಿತ ಕಳೆದುಕೊಳ್ಳುತ್ತದೆ.

ಆ ಗ್ಯಾರೇಜಿನವರು ಕೊಟ್ಟ ಉತ್ತರ, "ಅಂಥ ರಸ್ತೆಗೆ ಒಯ್ಯಬಾರದಿತ್ತು." ಅಂಥ ರಸ್ತೆಗೆಂದೇ ಎತ್ತರಿಸಿಕೊಟ್ಟವರು ಅವರು. ಬಿಲ್ಲಿನಲ್ಲಿ ಸ್ಪ್ರಿಂಗಿನ ಅಳತೆಯಾಗಲಿ ಕೆಲಸದ ವಿವರವಾಗಲಿ ಇರಲಿಲ್ಲ, ಆದ್ದರಿಂದ ಹಣ ವಾಪಸು ಬರಲಿಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಇದನ್ನೇ ಹಿಡಿದು ಪ್ರಶ್ನಿಸಬಹುದು.

ಈಗಾಗಲೇ ಎತ್ತರಿಸಿದ ಗಾಡಿ ನಿಮ್ಮಲ್ಲಿದ್ದರೆ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲು ನಂಬಿಕೆಯ ಮೆಕ್ಯಾನಿಕ್ ಬಳಿ ಹೋಗಿ, ಲಿಫ್ಟಿನಲ್ಲಿ ಚಾಸಿಸ್ ಹಿಡಿದು ಎತ್ತಿಸಿ. ಹಿಂದಿನ ಚಕ್ರಗಳು ಜೋತುಬಿದ್ದಾಗ ಬ್ರೇಕ್ ಹೋಸ್ ತಂತಿಯಂತೆ ನೆಟ್ಟಗಾಗಿದ್ದರೆ, ಅಥವಾ ಸ್ಪ್ರಿಂಗ್ ಕೈಯಲ್ಲಿ ಅಲುಗಿದರೆ, ಅದನ್ನು ಸರಿಪಡಿಸದೆ ಗಾಡಿಯನ್ನು ಅಲ್ಲಿಂದ ಹೊರತರಬೇಡಿ.