ಯೂನಿವರ್ಸ್ ಡೇಟಾಬೇಸ್: ಅಕೌಂಟು ಬಿಗಿ ಮಾಡೂದು ಹ್ಯಾಂಗ? ಹಳೇ ಬಳಕೆದಾರನ ಅಭಿಪ್ರಾಯ

ಬೆಳಗಾವಿ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಸ್ಟಾಕು, ಬಿಲ್ಲು, ಲೆಡ್ಜರು ಎಲ್ಲಾ ಯೂನಿವರ್ಸ್ ಮೇಲೇ ನಡೀತಾವ. ಡಿಕ್ ಪಿಕ್, ಡಾನ್ ನೆಲ್ಸನ್ 1960ರ ದಶಕದಲ್ಲಿ ಅಮೆರಿಕ ಸೈನ್ಯದ ಹೆಲಿಕಾಪ್ಟರ್ ಬಿಡಿಭಾಗಗಳ ಲೆಕ್ಕಕ್ಕಂತ ಕಟ್ಟಿದ ಪಿಕ್ ವ್ಯವಸ್ಥೆಯ ಮನೆತನ ಇದು. ಒಂದು ಕಾಸ್ಟಿಂಗ್‌ಗೆ ಎಷ್ಟು ಹೀಟ್ ನಂಬರ್ (ಲೋಹ ಕರಗಿಸಿದ ಒಂದೊಂದು ಸುತ್ತಿನ ನಂಬರು) ಇದ್ದರೂ ಒಂದೇ ರೆಕಾರ್ಡಿನಲ್ಲಿ ಕೂಡ್ತಾವ. ಅದರ ಬಗ್ಗೆ ತಕರಾರಿಲ್ಲ.

ಭದ್ರತೆ ಮಾತ್ರ, ಅಂದ್ರ ಅಕೌಂಟು (ನಮ್ಮ ಫೈಲು, ಕಮಾಂಡುಗಳಿರುವ ಜಾಗ) ಬಿಗಿ ಮಾಡೂದು, ನಾವೇ ಕಟ್ಟಿಕೊಳ್ಳಬೇಕು. ಆಪರೇಟರ್‌ಗೆ ಟಿಸಿಎಲ್ ಪ್ರಾಂಪ್ಟ್ (ನೇರ ಕಮಾಂಡ್ ಟೈಪ್ ಮಾಡುವ ಜಾಗ) ಸಿಕ್ಕಿತೋ, ಮೆನುವಿನ ಬೀಗಗಳೆಲ್ಲ ಸುಮ್ಮನೆ. ಹಂಗಾಗಿ ಒಳಗ ಬಂದ ಕೂಡಲೇ ತಾನಾಗೇ ಓಡುವ ಕಮಾಂಡುಗಳ ಪಟ್ಟಿ, ಅಂದ್ರ ಲಾಗಿನ್ ಪ್ಯಾರಾಗ್ರಾಫ್‌ನಲ್ಲಿ ಮೊದಲ ಸಾಲೇ ‘ಬ್ರೇಕ್ ಆಫ್’ (ನಡುವೆ ನಿಲ್ಲಿಸುವ ಕೀ ಬಂದ್), ಆಮೇಲೆ ಮೆನು. ಪ್ರೋಗ್ರಾಂ ನಡುವೆ ಕೆಟ್ಟು ನಿಂತರೂ ಪ್ರಾಂಪ್ಟಿಗೆ ಬೀಳಬಾರದಂದ್ರ ವಿಒಸಿಯಲ್ಲಿ (ಅಕೌಂಟಿನ ಕಮಾಂಡು, ಫೈಲುಗಳ ಹೆಸರಿರುವ ಫೈಲು) ‘ಆನ್ ಅಬಾರ್ಟ್’ ಬರೆದು ಹೊರಗೆ ಕಳಿಸಬೇಕು. ಇದನ್ನು ಭಾಳ ಜನ ಬಿಡ್ತಾರ. ಇನ್ನೊಂದು: ಅಕೌಂಟು ಪಿಕ್ ಫ್ಲೇವರ್ (ಪಿಕ್ ರೀತಿ ನಡಕೊಳ್ಳುವ ಬಗೆ) ಇದ್ದರೆ ಆ ಲಾಗಿನ್ ಪ್ಯಾರಾಗ್ರಾಫಿಗೆ ಅಕೌಂಟಿನ ಹೆಸರೇ ಇಡಬೇಕು. ಲಾಗಿನ್ ಅಂತ ಬರೆದಿಟ್ಟು, ಯಾಕೆ ಓಡವಲ್ದು ಅಂತ ತಲಿ ಕೆರಕೊಂಡವರನ್ನ ನೋಡೀನಿ.

ನನಗೆ ಮೆಚ್ಚಿಗೆಯಾದದ್ದು ಆರ್ ಬಗೆಯ ವಿಒಸಿ ರೆಕಾರ್ಡು. ಡಿಲೀಟ್, ಎಡಿಟ್‌ನಂಥ ಮೂಲ ಕಮಾಂಡುಗಳನ್ನು ಬೇರೆ ಫೈಲಿಗೆ ಸರಿಸಿ, ವಿಒಸಿಯಲ್ಲಿ ಬರೇ ದಾರಿ ತೋರಿಸೂದು. ಅದರ ನಾಲ್ಕನೇ ಫೀಲ್ಡಿನಲ್ಲಿ ಒಂದು ಸಬ್‌ರೂಟೀನಿನ ಹೆಸರು ಕೊಟ್ಟರೆ ಸಾಕು, ಅದು ಹೂಂ ಅಂದರಷ್ಟೇ ಕಮಾಂಡ್ ನಡೀತದ. ಯಾರು ಕೂತಾರ, ಯಾವ ಅಕೌಂಟು, ಎಷ್ಟು ಗಂಟೆ, ಏನು ಬೇಕಾದರೂ ಪರೀಕ್ಷಿಸಬಹುದು. ಆದರ ನಮ್ಮಲ್ಲಿ ಮೊದಲು ಸೆಟಪ್ ಮಾಡಿಹೋದವರು ಎಲ್ಲರಿಗೂ ಒಂದೇ ಯುನಿಕ್ಸ್ (ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್) ಯೂಸರ್ ಕೊಟ್ಟಿದ್ದರು. ಎಲ್ಲರ ಹೆಸರೂ ಒಂದೇ ಇದ್ದಾಗ ಸಬ್‌ರೂಟೀನ್ ಯಾರನ್ನ ತಡೀಬೇಕು? ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡುವಾಗ ಲೆಕ್ಕದ ಸಾಹೇಬರು "ಮೊದಲಿಂದು ಚಲೋ ಇತ್ತಲ್ರೀ, ಇಷ್ಟು ಪಾಸ್‌ವರ್ಡ್ ಯಾರು ನೆನಪಿಡತಾರ್ರೀ?" ಅಂದಿದ್ದರು. ಈಗ್ಲೂ ಅಂತಾರ.

‘ಎಸ್‌ಎಚ್’ ಕಮಾಂಡನ್ನು ಮರೆಯಬೇಡ್ರಿ, ಅದು ಯೂನಿವರ್ಸ್‌ನಿಂದ ಹೊರಗೆ, ನೇರ ಯುನಿಕ್ಸಿನ ಕಮಾಂಡ್ ಸಾಲಿಗೇ (ಶೆಲ್) ಒಯ್ತದ. ಅಕೌಂಟು ಅಂದ್ರ ಕೊನೆಗೆ ಒಂದು ಡೈರೆಕ್ಟರಿ. ಓದು-ಬರಹದ ಪರ್ಮಿಷನ್ ಯುನಿಕ್ಸಿನಲ್ಲೇ ಬಿಗಿ ಮಾಡದಿದ್ದರೆ ಶೆಲ್ ಕೈಗೆ ಸಿಕ್ಕವರು ಇಡೀ ಫೈಲನ್ನೇ ಕಾಪಿ ಮಾಡ್ಕೊಂಡು ಹೋಗಬಹುದು. ಓಡಿಬಿಸಿ (ಬೇರೆ ಪ್ರೋಗ್ರಾಂನಿಂದ ಡೇಟಾಬೇಸ್ ಓದುವ ಜೋಡಣೆ) ಮೂಲಕ ಎಕ್ಸೆಲ್‌ಗೆ ರಿಪೋರ್ಟ್ ತಗೊಳ್ಳುವವರಿಗೂ ನಿಮ್ಮ ಮೆನು ಕಾಣೂದಿಲ್ಲ. ಅವರಿಗೆ ಬರೇ ಓದುವ ಹಕ್ಕಿನ ಬೇರೆ ಯೂಸರ್ ಕೊಡ್ರಿ.

ಪಿಕ್ ಗೊತ್ತಿರುವ ಒಬ್ಬರು ಕೈಗೆ ಸಿಗುವಂತಿದ್ದರೆ ಯೂನಿವರ್ಸ್ ಕಣ್ಣುಮುಚ್ಚಿ ತಗೋಬಹುದು. ಈ ಕಡೆ ಅಂಥವರು ಸಿಗೂದು ಕಷ್ಟ, ಅದಕ್ಕೇ ಐದಕ್ಕೆ ನಾಲ್ಕು ಅಂಕ.