ಗೋಡೆ ಮೇಲಿನ ಲೋಗೋ ನೋಡಿ 9 ಲಕ್ಷ ಕಟ್ಟಿದೆ

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೂ ಅಂಥ ಪ್ರಯೋಜನವಿಲ್ಲ, ಬೆಂಗಳೂರಿನ ಸುತ್ತ ಅದೇ ಥರದ್ದು ಇನ್ನೂ ಇವೆ. ಐಟಿ ಕೆಲಸ ಬಿಟ್ಟು ಎಂಬಿಎ ಮಾಡಿ ಪ್ರಾಡಕ್ಟ್ ಮ್ಯಾನೇಜರ್ (ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಏನೇನಿರಬೇಕು ಅಂತ ತೀರ್ಮಾನಿಸುವವರು) ಆಗೋಣ ಅಂದುಕೊಂಡವರು ಇದನ್ನು ಓದಿ, ಆಮೇಲೆ ಸೀಟಿಗೆ ದುಡ್ಡು ಕಟ್ಟಿ.

ನಾನು ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನು. ವರ್ಷಕ್ಕೆ 4.2 ಲಕ್ಷ ಸಂಬಳ. ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಬರೆದೆ, 71 ಪರ್ಸೆಂಟೈಲ್ ಬಂತು. ಐಐಎಂ ಕನಸು ಅಲ್ಲಿಗೆ ಮುಗಿಯಿತು. ಆ ವಾರದಿಂದಲೇ ಕನ್ಸಲ್ಟೆನ್ಸಿಯವರ ಫೋನ್ ಶುರು. ನನ್ನ ನಂಬರ್ ಯಾರು ಕೊಟ್ಟರೋ ದೇವರಿಗೇ ಗೊತ್ತು. "ಸರ್, ಪಿಜಿಡಿಎಂ ಇನ್ ಅನಲಿಟಿಕ್ಸ್ ಅಂಡ್ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್. ಇನ್ನು ನಾಲ್ಕೇ ಸೀಟಿದೆ." ಪಿಜಿಡಿಎಂ ಅಂದರೆ ಎಂಬಿಎ ಥರದ್ದೇ ಓದು, ಆದರೆ ಕೊಡುವುದು ಡಿಗ್ರಿ ಅಲ್ಲ, ಡಿಪ್ಲೊಮಾ.

ಅಪ್ಪನನ್ನು ಕರೆದುಕೊಂಡು ಕ್ಯಾಂಪಸ್ ನೋಡಲು ಹೋದೆ. ರಿಸೆಪ್ಷನ್ ಹಿಂದಿನ ಗೋಡೆ ತುಂಬ ದೊಡ್ಡ ದೊಡ್ಡ ಟೆಕ್ ಕಂಪನಿಗಳ ಲೋಗೋ. ಕಾಯುತ್ತಾ ಕೂತು ಎಣಿಸಿದೆ, 64 ಇದ್ದವು. ಪಕ್ಕದಲ್ಲಿ ಒಬ್ಬ ಹುಡುಗನ ಆಳೆತ್ತರದ ಫೋಟೊ, ಕೆಳಗೆ 'ಹೈಯೆಸ್ಟ್ ಪ್ಯಾಕೇಜ್ 28 ಲಕ್ಷ'. ಅಪ್ಪ ಆ ಫೋಟೊ ಮುಂದೆ ನಿಂತು, ತಿರುಗಿ ನನ್ನ ಮುಖ ನೋಡಿದರು. ಅವತ್ತೇ 50 ಸಾವಿರ ಕಟ್ಟಿ ಬಂದೆವು. ಎರಡು ವರ್ಷಕ್ಕೆ ಒಟ್ಟು 9 ಲಕ್ಷ, ಅದರಲ್ಲಿ ಏಳೂವರೆ ಲಕ್ಷ ಬ್ಯಾಂಕ್ ಸಾಲ.

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಮೂರನೇ ಸೆಮಿಸ್ಟರಿನ ಒಂದು ಎಲೆಕ್ಟಿವ್ ಅಷ್ಟೇ. ಹೊರಗಿನಿಂದ ಒಬ್ಬರು ಬಂದು ನಾಲ್ಕು ಶನಿವಾರದಲ್ಲಿ ಮುಗಿಸಿಬಿಟ್ಟರು. ಪೈಥಾನ್ ಕ್ಲಾಸಿನಲ್ಲಿ ಮೇಷ್ಟ್ರಿಗಿಂತ ನಮ್ಮಲ್ಲೇ ಮೂವರಿಗೆ ಜಾಸ್ತಿ ಗೊತ್ತಿತ್ತು. ಮೊದಲ ತಿಂಗಳಲ್ಲೇ ಬಿಡೋಣ ಅನಿಸಿತು. ಆದರೆ ಎಸ್ಎಸ್ಎಲ್‌ಸಿಯಿಂದ ಹಿಡಿದು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಅವರ ಹತ್ತಿರ. "ಪೂರ್ತಿ ಫೀಸ್ ಕಟ್ಟಿ ತಗೊಂಡು ಹೋಗಿ" ಅಂದರು. ಒರಿಜಿನಲ್ ಇಟ್ಟುಕೊಳ್ಳುವ ಹಾಗೇ ಇಲ್ಲ ಅಂತ ಎಐಸಿಟಿಇ (ಇಂಥ ಕಾಲೇಜುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ) ನಿಯಮ ಇದೆ. ಕ್ಲಾಸ್ ಶುರುವಾಗುವ ಮುಂಚೆ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳುವಂತೆಯೂ ಇಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ!

ಆ 28 ಲಕ್ಷದ ಹುಡುಗನನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಮಾಡಿದೆ. "ಅಯ್ಯೋ, ಆ ಫೋಟೊ ಇನ್ನೂ ಇದೆಯಾ?" ಅಂತ ನಕ್ಕ. ಕಾಲೇಜಿಗೆ ಸೇರುವ ಮುಂಚೆಯೇ ಅವನಿಗೆ ಎಂಟು ವರ್ಷದ ಅನುಭವವಿತ್ತಂತೆ. ಕೆಲಸ ಸಿಕ್ಕಿದ್ದು ಹಳೆಯ ಮ್ಯಾನೇಜರ್ ಮೂಲಕ. ಗೋಡೆ ಮೇಲಿನ ಎಷ್ಟೋ ಕಂಪನಿಗಳು ಬರೀ ಒಂದು ಗೆಸ್ಟ್ ಲೆಕ್ಚರ್‌ಗೆ ಬಂದು ಹೋದವು.

ನಮ್ಮ ಬ್ಯಾಚಿಗೂ ಟೆಕ್ ಕಂಪನಿಗಳು ಬಂದವು, ಸುಳ್ಳು ಹೇಳಬಾರದು. ಆದರೆ ಕೆಲಸ ಯಾವುದು ಗೊತ್ತಾ? ಬಿಸಿನೆಸ್ ಡೆವಲಪ್‌ಮೆಂಟ್ ಅಸೋಸಿಯೇಟ್. ನನ್ನ ಪಾಲಿಗೆ ಒಂದು ಎಡ್‌ಟೆಕ್ ಕಂಪನಿ. ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ 80 ಕಾಲ್, ಅಪ್ಪ ಅಮ್ಮಂದಿರಿಗೆ ಮಕ್ಕಳ ಕೋಡಿಂಗ್ ಕೋರ್ಸ್ ಮಾರಬೇಕು. ಸಿಟಿಸಿ, ಅಂದರೆ ಕಾಗದದ ಮೇಲಿನ ಒಟ್ಟು ವರ್ಷದ ಸಂಬಳ 7 ಲಕ್ಷ, ಅದರಲ್ಲಿ 2.2 ಲಕ್ಷ ಟಾರ್ಗೆಟ್ ಮುಟ್ಟಿದರೆ ಮಾತ್ರ. ತಿಂಗಳಿಗೆ ಕೈಗೆ ಬರುತ್ತಿದ್ದದ್ದು 36 ಸಾವಿರ, ಇಎಂಐ 15 ಸಾವಿರ.

ಪಿಜಿಡಿಎಂ ಅಂದ ತಕ್ಷಣ ಮೋಸ ಅಂತಲ್ಲ. 2017ರ ಐಐಎಂ ಕಾಯ್ದೆ ಬರುವವರೆಗೆ ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂ ಕೂಡ ಡಿಪ್ಲೊಮಾನೇ ಕೊಡುತ್ತಿತ್ತು. ನೋಡಬೇಕಾದ್ದು ಬೇರೆ. ಹೋದ ಬ್ಯಾಚಿನವರನ್ನು ನೀವೇ ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಕಾಲೇಜಿನವರು ಕೊಟ್ಟ ನಂಬರ್ ಬೇಡ. ಕಂಪನಿ ಹೆಸರು ಬಿಡಿ, ಹುದ್ದೆ ಏನು, ಫಿಕ್ಸೆಡ್ ಎಷ್ಟು ಅಂತ ಕೇಳಿ. ಹೈಯೆಸ್ಟ್, ಆವರೇಜ್ ಎರಡನ್ನೂ ನಂಬಬೇಡಿ, ಒಬ್ಬನ 28 ಲಕ್ಷ ಸೇರಿದರೆ ಆವರೇಜ್ ತಾನಾಗೇ ಏರುತ್ತದೆ. ಮೀಡಿಯನ್ ಕೇಳಿ, ಅಂದರೆ ಎಲ್ಲರ ಸಂಬಳ ಕ್ರಮವಾಗಿ ಜೋಡಿಸಿದರೆ ಸರಿಯಾಗಿ ನಡುವೆ ಬರುವುದು. ಎನ್ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕ್ ಪಟ್ಟಿ) ಕಾಲೇಜು ಕೊಟ್ಟ ಮಾಹಿತಿಯಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು ಅಂತ ಇರುತ್ತದೆ. ಅದನ್ನು ಕೇಳಿದಾಗ ಕೌನ್ಸೆಲರ್ ಕಾಫಿ ತರಿಸಲು ಎದ್ದರೆ ನೀವೂ ಎದ್ದುಬಿಡಿ. ನನ್ನ ಜೊತೆಗೇ ಟೆಸ್ಟಿಂಗ್‌ನಲ್ಲಿದ್ದ ಗೆಳೆಯ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಬಿಎ ಸೇರಿದ. ಅವನಿಗೂ ಆರಾಮದ ಕೆಲಸವೇನೂ ಸಿಗಲಿಲ್ಲ, ಆದರೆ ಸಾಲ ಇಲ್ಲ.

ನಾನು ಹತ್ತು ತಿಂಗಳಿಗೆ ಆ ಕೆಲಸ ಬಿಟ್ಟೆ. ರಾತ್ರಿ ಕೂತು ಆಟೊಮೇಶನ್ ಕಲಿತು ಮತ್ತೆ ಟೆಸ್ಟಿಂಗ್‌ಗೇ ಬಂದಿದ್ದೇನೆ. ಈ ವರ್ಷದ ಬ್ರೋಷರ್‌ನಲ್ಲಿ 'ಟೆಕ್ನಾಲಜಿ ಪ್ಲೇಸ್‌ಮೆಂಟ್ಸ್' ಪುಟದಲ್ಲಿ ನನ್ನ ಫೋಟೊ ಹಾಕಿದ್ದಾರೆ, ಕೆಳಗೆ 7 ಲಕ್ಷ ಅಂತಿದೆ. ತೆಗೆಯಿರಿ ಅಂತ ಎರಡು ಸಲ ಮೇಲ್ ಹಾಕಿದೆ, ಉತ್ತರವಿಲ್ಲ.