ಮೂರು ಸ್ಟಾರ್ ಯಾಕೆ ಕೊಟ್ಟೆ ಅಂದರೆ

ಕಿಟಕಿ ತೆರೆದರೆ ಮಂಜು, ಮೂರು ಹೊತ್ತು ಊಟ, 21 ದಿನ ವಾಸ. ಕೊಡಗಿನಲ್ಲಿ ಇಷ್ಟು ಹೇಳಿದರೆ ಎಲ್ಲರೂ ಹೋಂಸ್ಟೇ ಅಂದುಕೊಳ್ಳುತ್ತಾರೆ. ನಾನು ಇದ್ದು ಬಂದದ್ದು ಕುಡಿತ ಬಿಡಿಸುವ ಕೇಂದ್ರದಲ್ಲಿ. ಹೆಸರು ಬರೆಯುವುದಿಲ್ಲ. ನಮ್ಮ ಜಿಲ್ಲೆ ಚಿಕ್ಕದು, ನನ್ನ ಜೊತೆ ಇದ್ದವರ ಮನೆಯವರೂ ಇದನ್ನು ಓದಬಹುದು.

ನಾನು ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಏಳೂವರೆಗೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಬರೆಯಬೇಕು. ಒಂದು ನೈಂಟಿ ಒಳಗೆ ಹೋಗದೆ ಪೆನ್ನು ಹಿಡಿಯಲು ಆಗದ ಸ್ಥಿತಿಗೆ ಬಂದು ಮೂರು ವರ್ಷ ಆಗಿತ್ತು. ಮಜಾ ಮಾಡುತ್ತಾನೆ ಅಂತ ಜನ ಆಡಿಕೊಳ್ಳುತ್ತಿದ್ದರು. ಮಜಾ ಎಲ್ಲಿಂದ ಬರಬೇಕು? ಕೈ ನಡುಕ ನಿಲ್ಲಲಿ ಅಂತ ಕುಡಿಯುತ್ತಿದ್ದೆ, ಅಷ್ಟೇ.

ಮೇ ತಿಂಗಳಲ್ಲಿ ಮಗಳು ಮಾತು ಬಿಟ್ಟಳು. ರೋಷ ಬಂದು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಿಬಿಟ್ಟೆ. ಎಲ್ಲರೂ ಮೆಚ್ಚಿಕೊಂಡರು. ಮೊದಲ ದಿನ ನಡುಕ, ಬೆವರು, ವಾಂತಿ. ಮಾರನೇ ಬೆಳಗಿನ ಜಾವ ಫಿಟ್ಸ್. ಪಕ್ಕದ ಮನೆಯವರು ಬಂದು ಕೈಗೆ ಬೀಗದ ಕೈ ಹಿಡಿಸಿದರಂತೆ. ಅದರಿಂದ ಏನೂ ಆಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಮೂರನೇ ರಾತ್ರಿ ಹಾಸಿಗೆ ತುಂಬಾ ಚಗಳಿ ಇರುವೆ. ನಾನು ಕೊಡವುತ್ತಲೇ ಇದ್ದೆ. ಹೆಂಡತಿಗೆ ಒಂದೂ ಕಾಣಲಿಲ್ಲ. ಭಾವ ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಅಲ್ಲಿನ ಡಾಕ್ಟರು ಭಾವನ ಜೀಪನ್ನೇ ತೋರಿಸಿ ಹೇಳಿದರು. "ಹ್ಯಾಂಡ್‌ಬ್ರೇಕ್ ಎಳೆದೇ ಹತ್ತು ವರ್ಷ ಓಡಿಸಿದ್ದೀರಿ ಅಂದುಕೊಳ್ಳಿ. ಗಾಡಿ ಮುಂದೆ ಹೋಗಲಿ ಅಂತ ಕಾಲು ಆಕ್ಸಿಲರೇಟರ್ ಮೇಲೇ ಇರುತ್ತೆ. ಈಗ ಬ್ರೇಕ್ ಮಾತ್ರ ಒಮ್ಮೆಲೇ ಬಿಟ್ಟರೆ?" ಮದ್ಯ ಮಿದುಳನ್ನು ಮಂದ ಮಾಡುತ್ತದೆ, ಮಿದುಳು ಅದಕ್ಕೆ ಒಗ್ಗಿಕೊಂಡು ಜಾಸ್ತಿ ಓಡುತ್ತದೆ, ಕುಡಿತ ನಿಂತರೂ ಆ ಓಟ ತಕ್ಷಣ ನಿಲ್ಲುವುದಿಲ್ಲ. ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ. ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಎರಡು ಮೂರನೇ ದಿನದ ಹೊತ್ತಿಗೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಬೆಳಿಗ್ಗೆ ಕುಡಿದರೇ ಕೈ ನಿಲ್ಲುವವರು ಡಾಕ್ಟರನ್ನು ಕೇಳದೆ ಮನೆಯಲ್ಲಿ ಒಮ್ಮೆಗೇ ಬಿಡಬೇಡಿ. ಈ ವಿಮರ್ಶೆಯಲ್ಲಿ ಬೇರೆ ಏನೂ ಓದದಿದ್ದರೂ ಇದೊಂದು ಓದಿ.

ಆಸ್ಪತ್ರೆಯಿಂದ ಬಂದು ಹತ್ತೇ ದಿನಕ್ಕೆ ಮತ್ತೆ ಬಾರಿನ ಬೆಂಚು. ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ, ಕೇಂದ್ರಕ್ಕೆ ಸೇರಿದೆ. ಒಟ್ಟು ಖರ್ಚು 27,000 ರೂಪಾಯಿ.

ಮೊದಲ ಐದು ದಿನಕ್ಕೆ ಐದಕ್ಕೆ ಐದು. ಆ ಅಂಕ ಪೂರ್ತಿ ರಾತ್ರಿ ಪಾಳಿಯ ಸಿಸ್ಟರ್‌ಗೆ. ಮಲಯಾಳ ಬೆರೆಸಿ ಕನ್ನಡ ಮಾತಾಡುವ ಹುಡುಗಿ. ಕೆಲವು ಗಂಟೆಗೊಮ್ಮೆ ಬಂದು "ಅಣ್ಣಾ, ಕೈ ಚಾಚಿ" ಅನ್ನುವುದು. ನಡುಕ ಎಷ್ಟು, ಬೆವರು ಎಷ್ಟು ಅಂತ ಹಾಳೆಯಲ್ಲಿ ಅಂಕ ಹಾಕುವುದು. ಇವತ್ತು ಯಾವ ವಾರ ಅಂತ ಕೇಳುವುದು. ಆ ಅಂಕ ನೋಡಿ ಡಾಕ್ಟರು ಮಾತ್ರೆ ಬರೆಯುತ್ತಿದ್ದರು, ದಿನ ದಿನಕ್ಕೆ ಕಮ್ಮಿ ಮಾಡುತ್ತಾ ಬಂದರು. ಗ್ಲೂಕೋಸ್ ಹಾಕುವ ಮೊದಲೇ ಬಿ1 ವಿಟಮಿನ್ ಇಂಜೆಕ್ಷನ್. ಜಾಸ್ತಿ ಕುಡಿಯುವವರಲ್ಲಿ ಅದು ಖಾಲಿಯಾಗಿರುತ್ತದೆ, ಹಾಗೇ ಬಿಟ್ಟರೆ ನೆನಪಿಗೇ ಪೆಟ್ಟು ಅಂದರು. ಹತ್ತು ವರ್ಷ ಚೆಕ್‌ರೋಲಿನಲ್ಲಿ ಊರವರ ಹಾಜರಿ ಹಾಕಿದವನು ನಾನು. ನನ್ನ ಹಾಜರಿಯನ್ನು ಯಾರೋ ಅಷ್ಟು ಶ್ರದ್ಧೆಯಿಂದ ಹಾಕಿದ್ದು ಅದೇ ಮೊದಲು.

ಊಟಕ್ಕೆ ಎರಡು. ಕೊಡಗಿನಲ್ಲಿದ್ದು ದಿನಾ ಉಪ್ಪಿಟ್ಟು ಅಂದರೆ ಹೇಗೆ? ಅಕ್ಕಿರೊಟ್ಟಿ ಕಂಡದ್ದು ಎರಡೇ ಸಲ. ಕಾಫಿಯಂತೂ ಬರೀ ಚಿಕೋರಿ. ತೋಟದವನಿಗೆ ಅದನ್ನು ಕುಡಿಸುವುದೂ ಒಂದು ಶಿಕ್ಷೆಯೇ. ಕುಡಿತ ಬಿಟ್ಟವರಿಗೆ ಸಿಹಿ ಬೇಕು ಅನಿಸುತ್ತದೆ, ನನಗಂತೂ ವಿಪರೀತ. ಹೆಂಡತಿ ತಂದುಕೊಟ್ಟ ಬೆಲ್ಲ, ಮನೆಯ ಪುಡಿ ಹಾಕಿ ಅಡುಗೆಯವರ ಕೈಕಾಲು ಹಿಡಿದು ಬೆಲ್ಲದ ಕಾಫಿ ಮಾಡಿಸಿಕೊಳ್ಳುತ್ತಿದ್ದೆ.

ಪಕ್ಕದ ಮಂಚದಲ್ಲಿ ಇಪ್ಪತ್ತೆರಡರ ಹುಡುಗ. ಅವನದು ಕುಡಿತವಲ್ಲ, ಅಫೀಮು ಜಾತಿಯ ನೋವಿನ ಮಾತ್ರೆಯ ಚಟ. ಮೈಕೈ ಮುರಿತ, ಮೂಗು ಕಣ್ಣಲ್ಲಿ ನೀರು, ಭೇದಿ, ನಿದ್ದೆಯಿಲ್ಲ. ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟ ಮೇಲೆ ಸ್ವಲ್ಪ ಮನುಷ್ಯನಾದ. ಅವನಿಗೆ ಡಾಕ್ಟರು ದಿನಾ ಹೇಳುತ್ತಿದ್ದದ್ದು ಒಂದೇ: ಬಿಟ್ಟು ಸ್ವಲ್ಪ ದಿನ ಆದ ಮೇಲೆ ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲಬಹುದು, ಮೈಗೆ ಹಳೆಯ ತಾಕತ್ತು ಇರುವುದಿಲ್ಲ. ಹುಡುಗ ತಲೆ ಆಡಿಸುತ್ತಿದ್ದ. ನನಗೇ ಭಯ ಆಗುತ್ತಿತ್ತು.

ಸಂಜೆಯ ಕೂಟಕ್ಕೆ ನಾಲ್ಕು. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಶೇರು ವ್ಯಾಪಾರಿ, ಒಬ್ಬ ಸರ್ಜನ್, ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಹುಟ್ಟಿತಂತೆ. ನಮ್ಮಲ್ಲಿ ಒಬ್ಬ ಡ್ರೈವರ್, ಒಬ್ಬ ಮಾಜಿ ಸೈನಿಕ, ಒಬ್ಬ ರೈಟರ್. ಮೊದಲ ವಾರ ನಾನು ಬಾಯಿ ಬಿಡಲಿಲ್ಲ. ಸೈನಿಕ ಅಣ್ಣ, ಕ್ಯಾಂಟೀನ್ ರಮ್ಮಿನ ಬಾಟಲಿಯನ್ನು ಕರಿಮೆಣಸಿನ ಚೀಲದಲ್ಲಿ ಬಚ್ಚಿಟ್ಟ ಕಥೆ ಹೇಳಿದ ದಿನ ನಕ್ಕೆ. ನಾನು ಬಚ್ಚಿಟ್ಟಿದ್ದೂ ಅಲ್ಲೇ!

ಹೆಂಡತಿಯನ್ನು ಕರೆಸಿದ್ದು ಒಂದೇ ಸಲ. ಸಾಂಬಾರಿಗೆ ಗುಟ್ಟಾಗಿ ಬೆರೆಸುವ ಪುಡಿ ಸಿಗುತ್ತದಂತೆ, ಹಾಕಲಾ ಅಂತ ಅವಳು ಕೇಳಿದಳು. ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಇಂಥ ಪುಡಿಯಲ್ಲಿ ಅದೇ ಇರಬಹುದು, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಡವ ಅನ್ನುತ್ತದೆ. ರೋಗಿಗೆ ತಿಳಿಸಿ, ಪರೀಕ್ಷೆ ಮಾಡಿ ಕೊಡುವ ಮದ್ದು ಅದು. ತಿಳಿಸದೆ ಕೊಟ್ಟರೆ ಹೆಣ ಬೀಳಬಹುದು ಅಂದರು. ನನಗೆ ಲಿವರ್ ಪರೀಕ್ಷೆ ಮಾಡಿಸಿ ನಾಲ್ಟ್ರೆಕ್ಸೋನ್ ಬರೆದರು. ಅದು ಕುಡಿಯುವ ಆಸೆಯನ್ನು ಸ್ವಲ್ಪ ತಗ್ಗಿಸುತ್ತದೆ.

ಇನ್ನು ಒಂದೇ ಒಂದು ಸ್ಟಾರ್ ಸಿಗುವ ವಿಭಾಗ. 21ನೇ ದಿನ ಚೀಟಿ ಕೊಟ್ಟು "ಒಳ್ಳೇದಾಗಲಿ" ಅಂದರು. ಮುಗಿಯಿತು. ಮನೆಗೆ ಬಂದರೆ ಅದೇ ದಾರಿ, ದಾರಿಯಲ್ಲಿ ಅದೇ ಬಾರು, ಬಟವಾಡೆ ದಿನ ಅದೇ ಗೆಳೆಯರು. ಸೆಪ್ಟೆಂಬರ್‌ನಲ್ಲಿ ಕೊಡವರ ಕೈಲ್ ಮುಹೂರ್ತ ಹಬ್ಬ. ಓನರ್ ಮನೆಯಲ್ಲಿ ಪಂದಿಕರಿ, ಗ್ಲಾಸು, "ರೈಟ್ರೇ, ಹಬ್ಬ ಅಲ್ವಾ, ಒಂದೇ ಒಂದು." ಮೂರು ಹೋಯಿತು. ರಾತ್ರಿ ಕೇಂದ್ರಕ್ಕೆ ಫೋನ್ ಮಾಡಿದೆ. ಆರು ಸಲ. ಯಾರೂ ಎತ್ತಲಿಲ್ಲ. ಕೊನೆಗೆ ಮಗಳು ಟೆಲಿ ಮನಸ್‌ನ 14416ಕ್ಕೆ ಹಚ್ಚಿ ಕೊಟ್ಟಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ. ಆ ಕಡೆ ಒಬ್ಬರು ಕನ್ನಡದಲ್ಲೇ ಮಾತಾಡಿದರು. ಸಕ್ಕರೆ ಕಾಯಿಲೆಯವರಿಗೆ ಒಂದು ದಿನ ಸಕ್ಕರೆ ಏರಿದರೆ ಮದ್ದು ಬಿಸಾಡುತ್ತಾರಾ, ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಅಂದರು. ಹೋದೆ.

ಈಗ ನವೆಂಬರ್. ಹಣ್ಣು ಕೊಯ್ಲು ಶುರುವಾಗಿದೆ. ಕೂಟದ ಮೂವರು ಭಾನುವಾರ ಸೈನಿಕ ಅಣ್ಣನ ಮನೆಯಲ್ಲಿ ಸೇರುತ್ತೇವೆ. ಕೇಂದ್ರ ಮಾಡಬೇಕಾದದ್ದನ್ನು ಅವನ ಜಗಲಿ ಮಾಡುತ್ತಿದೆ.

ಸೇರಿಸುವವರು ಮೊದಲು ಇಷ್ಟು ಕೇಳಿ: ರಾತ್ರಿ ನರ್ಸ್ ಇರುತ್ತಾರಾ, ಡಾಕ್ಟರು ಎಷ್ಟು ದೂರ, ಬಿಟ್ಟು ಬಂದ ಮೇಲೆ ಫೋನ್ ಯಾರು ಎತ್ತುತ್ತಾರೆ. ಕೂಡಿಹಾಕಿ ಹೊಡೆದು ಬಿಡಿಸುತ್ತೇವೆ ಅನ್ನುವ ಜಾಗವಾದರೆ ಅಲ್ಲಿಂದಲೇ ವಾಪಸ್ ಬನ್ನಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ, ಕುಡಿತದವರಿಗೂ ಅದು ಅನ್ವಯ. ಮಳೆಗಾಲವಾದರೆ ಎರಡು ಸ್ವೆಟರ್ ಹಾಕಿ ಕಳಿಸಿ, ಬಟ್ಟೆ ಒಣಗುವುದಿಲ್ಲ. ಕಾಫಿ ಪುಡಿ ಮನೆಯಿಂದಲೇ.